ಉಪ್ಪು ನೋಡುವವಳು

ಹೆಲ್ಕಾ ಮೊದಲ ಸಲ ಮೌರಾ ಅವರನ್ನು ನೋಡಿದಾಗ ಕಂಡದ್ದು ಬರೀ ಬೆನ್ನು. ಕ್ರಿಸ್‌ಮಸ್ಸಿಗೆ ಇನ್ನೂ ಎರಡು ದಿನವಿತ್ತು. ಮಧ್ಯಾಹ್ನ ಕಳೆಯುವ ಮೊದಲೇ ಹೊರಗೆ ಕತ್ತಲು ಕವಿದಿತ್ತು. ಔಲಿಸ್ ಅವಳ ಚೀಲ ಹಿಡಿದುಕೊಂಡು ಮುಂದೆ ನಡೆದು, ಬೂಟಿನ ಹಿಮವನ್ನು ಮೆಟ್ಟಿಲಿಗೆ ಕುಟ್ಟಿ ಉದುರಿಸಿ, ಅಡುಗೆಮನೆಯ ಬಾಗಿಲು ತೆರೆದ. ಒಳಗಿನ ಬಿಸಿ ತಾಗಿದ್ದೇ ತಡ, ಹೆಲ್ಕಾಳ ಕನ್ನಡಕದ ಮೇಲೆ ಮಂಜು ಕಟ್ಟಿತು. ಅದನ್ನು ತೆಗೆದು ಶಾಲಿನ ತುದಿಯಲ್ಲಿ ಒರೆಸುವಷ್ಟರಲ್ಲಿ ಬಾಣಲೆಯ ಚುರುಚುರು ಸದ್ದು ಕಿವಿಗೆ ಬಿತ್ತು, ಹಂದಿಯ ಕೊಬ್ಬು ಕರಗುವ ವಾಸನೆ ಮೂಗಿಗೆ ಬಡಿಯಿತು. ಕನ್ನಡಕ ಏರಿಸಿ ನೋಡಿದರೆ, ಒಲೆಯ ಮುಂದೆ ಬೂದು ಬಣ್ಣದ ಉಣ್ಣೆಯ ಅಂಗಿ ತೊಟ್ಟ, ತುಸು ಎಡಕ್ಕೆ ವಾಲಿದ, ಅಗಲವಾದ ಬೆನ್ನೊಂದು ನಿಂತಿತ್ತು. ಕಾಲ ಬಳಿ ಮರದ ತೊಟ್ಟಿ. ಅದರ ನೀರಿನಲ್ಲಿ ಉಪ್ಪು ಹಿಡಿಸಿದ ಹಂದಿಯ ಇಡೀ ತೊಡೆ, ಹೆಚ್ಚಿನ ಉಪ್ಪು ಬಿಡಲೆಂದು, ಮುಳುಗಿ ಮಲಗಿತ್ತು.

"ಅಮ್ಮಾ, ಇವಳೇ" ಎಂದ ಔಲಿಸ್.

ಬೆನ್ನು ತಿರುಗಲು ಅವಸರ ಮಾಡಲಿಲ್ಲ. ಬಾಣಲೆಯಲ್ಲಿದ್ದುದನ್ನು ಒಮ್ಮೆ ಮಗುಚಿ, ಚಾಕುವಿನ ತುದಿಗೆ ಚುಚ್ಚಿಕೊಂಡು, ಆಮೇಲೆ ತಿರುಗಿತು. ತಲೆಗೆ ಬಿಗಿಯಾಗಿ ಕಟ್ಟಿದ ವಸ್ತ್ರ, ನೀರು ಬೆರೆಸಿದಂಥ ತಿಳಿನೀಲಿ ಕಣ್ಣು, ಹಿಟ್ಟು ಮೆತ್ತಿದ ಗದ್ದ. ಹೇಗಿದ್ದೀ, ಬಾ, ಕೂತುಕೋ ಎಂಬ ಯಾವ ಮಾತೂ ಇಲ್ಲ. ಹೆಬ್ಬೆರಳಿನಷ್ಟಿದ್ದ ಹುರಿದ ಮಾಂಸದ ತುಂಡನ್ನು ಹೆಲ್ಕಾಳ ಬಾಯಿಯ ಮುಂದೆ ಹಿಡಿದರು.

"ತಿಂದು ನೋಡು. ಉಪ್ಪು ಹೇಗಿದೆ?"

ಹೆಲ್ಕಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಎಲ್ಲವೂ ಮರೆತುಹೋಯಿತು. ತುಂಡನ್ನು ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುರುಟಿಕೊಂಡಿತು, ಕಣ್ಣಂಚಿನಲ್ಲಿ ನೀರು ಬಂತು. ಆದರೆ ಅವಳು ಉತ್ತರದ ಕೈನು ಸೀಮೆಯ ಕಾಡಿನ ಹುಡುಗಿ. ಮರ ಕಡಿಯುವ ಅಪ್ಪನೊಬ್ಬನೇ ಬೆಳೆಸಿದ ಮಗಳು. ಆ ಅಪ್ಪನೂ ಹಿಂದಿನ ವರ್ಷ ತೀರಿಕೊಂಡಿದ್ದ. ಮೊದಲ ದಿನವೇ ಅತ್ತೆಯಾಗುವವರ ಅಡುಗೆಗೆ ಕೊಂಕು ತೆಗೆದರೆ ಏನೆಂದುಕೊಂಡಾರು? ಇದು ತನ್ನ ಪರೀಕ್ಷೆ ಎಂದೇ ಅವಳಿಗೆ ಅನ್ನಿಸಿತು.

"ಸರಿಯಾಗಿದೆ" ಎಂದಳು.

"ಸರಿಯಾಗಿದೆಯಾ?"

"ಹೂಂ. ತುಂಬಾ ಚೆನ್ನಾಗಿದೆ."

ಮೌರಾ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಗ್ಗಿ, ತೊಡೆಯನ್ನು ನೀರಿನಿಂದ ಎತ್ತಿ, ಬಟ್ಟೆಯಲ್ಲಿ ಒರೆಸತೊಡಗಿದರು.

ಹಬ್ಬದ ಹಿಂದಿನ ಸಂಜೆ ಆ ಮಾಂಸವನ್ನು ಯಾರಿಗೂ ತಿನ್ನಲಾಗಲಿಲ್ಲ. ಔಲಿಸ್‌ನ ಅಪ್ಪ ಈವರಿ ಮತ್ತೆ ಮತ್ತೆ ಎದ್ದು ನೀರಿನ ಬಕೆಟ್ಟಿನ ಬಳಿ ಹೋಗಿ ಬಂದರು. ಈ ಹಂದಿ ಕೊಟ್ಟಿಗೆಯಲ್ಲಿ ಬೆಳೆದದ್ದಲ್ಲ, ಸಮುದ್ರದಲ್ಲಿ ಈಜಾಡಿ ಸತ್ತದ್ದು ಎಂದು ಮೇಜಿನ ಸುತ್ತ ಇದ್ದವರನ್ನೆಲ್ಲ ನಗಿಸಿದರು. ಮೌರಾ ಮಾತ್ರ ಮಾಂಸ ಮುಟ್ಟಲೇ ಇಲ್ಲ. ಬೇಯಿಸಿದ ಆಲೂಗಡ್ಡೆ, ಉಪ್ಪಿನ ಅಣಬೆ, ರೈ ರೊಟ್ಟಿ ಅಷ್ಟೇ ತಿಂದರು. ತನ್ನ ಮೇಲಿನ ಸಿಟ್ಟಿಗೇ ಹೀಗೆ ಎಂದು ಹೆಲ್ಕಾ ಕುಗ್ಗಿ ಹೋದಳು. ನಿಜ ತಿಳಿಸಿದವನು ಔಲಿಸ್. ಅಮ್ಮ ಗಡಿಯಾಚೆಯ ಕರೇಲಿಯಾದವಳು, ಯುದ್ಧಕಾಲದಲ್ಲಿ ಮನೆ ಬಿಟ್ಟು ಬಂದವಳು, ಅವಳ ಇಗರ್ಜಿಯೇ ಬೇರೆ. ಕ್ರಿಸ್‌ಮಸ್ ಬೆಳಗಾಗುವವರೆಗೆ ನಲವತ್ತು ದಿನ ಅವರು ಮಾಂಸ ಬಾಯಿಗಿಡುವುದಿಲ್ಲ. ಮನೆಯವರಿಗಾಗಿ ತೊಡೆ ಬೇಯಿಸುತ್ತಾಳೆ, ಆದರೆ ಉಪ್ಪು ನೋಡಲು ಬೇರೆಯವರ ನಾಲಿಗೆ ಬೇಕು. ಇಷ್ಟು ವರ್ಷ ಅಪ್ಪ ನೋಡುತ್ತಿದ್ದ, ಅವನ ನಾಲಿಗೆ ಹೊಗೆಸೊಪ್ಪಿಗೆ ಸತ್ತುಹೋಗಿದೆ ಎಂದ.

ಮರುದಿನ ಪಾತ್ರೆ ಒರೆಸುವಾಗ ಮೌರಾ ತಾವಾಗಿಯೇ ಮಾತು ತೆಗೆದರು. "ನಿನ್ನ ನಾಲಿಗೆ ಚೆನ್ನಾಗಿದೆ, ಮುಖ ನೋಡಿದರೇ ಗೊತ್ತಾಯ್ತು. ಬಾಯಿ ಮಾತ್ರ ಸುಳ್ಳು ಹೇಳ್ತು."

"ಗೊತ್ತಿದ್ದೂ ಯಾಕೆ ಬೇಯಿಸಿದಿರಿ?"

"ಕೇಳಿದ್ದು ನಾನು, ಹೇಳಿದ್ದು ನೀನು. ಹೇಳಿದ ಮಾತು ನಂಬಬೇಕಲ್ವಾ?"

ಹೀಗೆ ಆ ಮನೆಯಲ್ಲಿ ಉಪ್ಪು ನೋಡುವ ಕೆಲಸ ಹೆಲ್ಕಾಳ ಪಾಲಿಗೆ ಬಂತು.

ಮದುವೆಯಾದ ಮೇಲೆ ಅವಳಿಗೆ ಊರಿನ ಸಹಕಾರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಔಲಿಸ್ ಹಾಲಿನ ಲಾರಿ ಓಡಿಸುತ್ತಿದ್ದ. ಸುತ್ತಲಿನ ದೊಡ್ಡಿಗಳಿಂದ ಹಾಲು ತುಂಬಿಕೊಂಡು ಈಸಾಲ್ಮಿ ಪಟ್ಟಣಕ್ಕೆ ಒಯ್ಯುವ ಕೆಲಸ. ಹಸುವಿಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲವಾದ್ದರಿಂದ ಹಬ್ಬದ ಬೆಳಿಗ್ಗೆಯೂ ಅವನಿಗೆ ಬಿಡುವಿರಲಿಲ್ಲ. ಡಿಸೆಂಬರ್ ಹುಟ್ಟಿತೆಂದರೆ ಹೆಲ್ಕಾಳ ಕಾಲು ಊದಲು ಶುರು. ಹಗಲೆಲ್ಲ ಅಂಗಡಿಯಲ್ಲಿ ನಿಂತು ಒಣದ್ರಾಕ್ಷಿ, ಯೀಸ್ಟು, ಮೇಣದಬತ್ತಿ ಕಟ್ಟಿ ಕಟ್ಟಿ ಕೊಡುವುದು, ಮನೆಗೆ ಬಂದು ಕಿಟಕಿ ಒರೆಸುವುದು, ನೆಲದ ಹಾಸುಗಳನ್ನು ಹಿಮದ ಮೇಲೆ ಹರವಿ ಬಡಿಯುವುದು, ಶುಂಠಿ ಬಿಸ್ಕತ್ತು ಸುಡುವುದು, ಗಜ್ಜರಿ ಗಡ್ಡೆಗಳನ್ನು ಬೇಯಿಸಿ ಅರೆದು ಒಲೆಗೆ ಇಡುವುದು. ಮೌರಾ ಅರ್ಧ ಹಂಚಿಕೊಳ್ಳುತ್ತಿದ್ದರು ನಿಜ. ಆದರೆ ಅವರು ದಣಿದದ್ದನ್ನು ಯಾರೂ ಕಂಡವರಿಲ್ಲ. ಅಂಥವರ ಪಕ್ಕದಲ್ಲಿ ನಿಂತು ಸುಸ್ತು ಎನ್ನಲು ಹೆಲ್ಕಾಳಿಗೆ ನಾಚಿಕೆಯಾಗುತ್ತಿತ್ತು.

ಹಬ್ಬದ ಹಿಂದಿನ ದಿನ ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ಅವಳು ಮನೆ ತಲುಪುವಾಗ ರೇಡಿಯೋದಲ್ಲಿ ತುರ್ಕು ನಗರದ ಗಂಟೆ ಬಾರಿಸಿ, ಕ್ರಿಸ್‌ಮಸ್ ಶಾಂತಿಯ ಘೋಷಣೆ ಓದಲು ತೊಡಗಿರುತ್ತಿದ್ದರು. ಈವರಿ ಟೋಪಿ ತೆಗೆದು ರೇಡಿಯೋದ ಮುಂದೆ ನಿಂತಿರುತ್ತಿದ್ದರು. ಆ ಓದು ಮುಗಿಯುವವರೆಗೆ ಮನೆಯಲ್ಲಿ ಯಾರೂ ಯಾರಿಗೂ ಕೆಲಸ ಹೇಳುವಂತಿರಲಿಲ್ಲ. ಬಾಗಿಲಿಗೆ ಒರಗಿ, ಕೋಟು ಸಹ ಬಿಚ್ಚದೆ, ಕಣ್ಣು ಮುಚ್ಚಿ ನಿಲ್ಲುವ ಆ ಗಳಿಗೆಯೇ ಹೆಲ್ಕಾಳ ಹಬ್ಬ. ಅದು ಮುಗಿದರೆ ಅನ್ನದ ಗಂಜಿ. ಗಂಜಿಯಲ್ಲಿ ಅಡಗಿಸಿಟ್ಟ ಒಂದು ಬಾದಾಮಿ ಯಾರಿಗೆ ಸಿಕ್ಕಿತೋ ವರ್ಷವಿಡೀ ಅದೃಷ್ಟ ಅವರದು. ಈವರಿ ತಮಗೆ ಸಿಕ್ಕರೂ ಹೇಳದೆ ದವಡೆಯಲ್ಲಿ ಅಡಗಿಸಿಟ್ಟುಕೊಂಡು, ಉಳಿದವರು ಪಾತ್ರೆ ತಳ ಕೆರೆಯುವವರೆಗೆ ಆಟ ಆಡಿಸುತ್ತಿದ್ದರು. ಆಮೇಲೆ ಹಕ್ಕಿಗಳಿಗೆಂದು ಓಟ್ಸ್ ತೆನೆಯ ಕಟ್ಟನ್ನು ಕಂಬಕ್ಕೆ ಕಟ್ಟುವುದು, ಹಬೆಸ್ನಾನದ ಮನೆಯಾದ ಸೌನಾದ ಒಲೆಗೆ ಬೆಂಕಿ ಹಾಕುವುದು. ಸೌನಾದ ಕಲ್ಲು ಕಾಯುವಷ್ಟರಲ್ಲಿ ಎಲ್ಲರೂ ಚರ್ಚಿನ ಸ್ಮಶಾನಕ್ಕೆ ಹೊರಡುವುದು. ಮಗಳು ವಿರ್ಪಿ ಹುಟ್ಟಿದ ಮೇಲೆ ಅವಳನ್ನು ಹಿಮಗಾಡಿಯ ಮುಂದೆ ಕೂರಿಸಿ, ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದ್ದು ಜಾರಿಸಿಕೊಂಡು ಹೋಗುತ್ತಿದ್ದರು.

ಸ್ಮಶಾನಕ್ಕೆ ಹೋಗುವಾಗ ದಾರಿಯಲ್ಲೆಲ್ಲ ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಪ್ರತಿ ಗೋರಿಯ ಮುಂದೆ ಹಿಮದಲ್ಲಿ ಗುಂಡಿ ತೋಡಿ ಮೇಣದಬತ್ತಿ ಹಚ್ಚುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಇಡೀ ಬಯಲು ಕೆಂಡ ಹರಡಿದಂತೆ ಕಾಣುತ್ತಿತ್ತು. ಈವರಿ ಮತ್ತು ಔಲಿಸ್ ತಮ್ಮ ಮನೆತನದ ಗೋರಿಗಳ ಕಡೆ ಹೋಗುತ್ತಿದ್ದರು. ಬೇಲಿಯ ಪಕ್ಕದಲ್ಲಿ ಬೇರೊಂದು ಕಲ್ಲಿತ್ತು. ಬೇರೆ ಊರಿನಲ್ಲಿ ಮಣ್ಣಾದವರಿಗಾಗಿ ನಿಲ್ಲಿಸಿದ ಕಲ್ಲು. ಯಾರ ಸತ್ತವರು ಇಲ್ಲಿಲ್ಲವೋ ಅವರು ಅದರ ಬುಡದಲ್ಲಿ ದೀಪ ಇಡುತ್ತಾರೆ. ಮೊದಲ ವರ್ಷ ಹೆಲ್ಕಾ ತನ್ನ ಅಪ್ಪ ಅಮ್ಮನಿಗೆಂದು ಒಂದು ಬತ್ತಿ ಹಿಡಿದು ಅಲ್ಲಿಗೆ ಹೋದಾಗ ಮೌರಾ ಆಗಲೇ ಮಂಡಿಯೂರಿ ಕೂತಿದ್ದರು. ಅವರ ತಾಯಿ, ಚಿಕ್ಕಂದಿನಲ್ಲೇ ಹೋದ ತಮ್ಮ ಇಬ್ಬರೂ ಲಾಡೊಗಾ ಸರೋವರದ ದಂಡೆಯ ಸಾಲ್ಮಿಯಲ್ಲಿ, ಈಗ ಬೇರೆ ದೇಶವಾಗಿರುವ ಮಣ್ಣಿನಲ್ಲಿ ಇದ್ದರು. ಅತ್ತೆ ಸೊಸೆ ಅಕ್ಕಪಕ್ಕ ನಿಂತರು. ಒಬ್ಬರ ಬತ್ತಿ ಗಾಳಿಗೆ ಆರಿದರೆ ಇನ್ನೊಬ್ಬರ ಬತ್ತಿಯಿಂದ ಹಚ್ಚಿದರು. ಪ್ರತಿ ವರ್ಷ ಹಾಗೆಯೇ ನಡೆಯಿತು.

ಕ್ರಿಸ್‌ಮಸ್ ದಿನ ಯಾರೂ ಮನೆಯ ಹೊಸ್ತಿಲು ದಾಟುವುದಿಲ್ಲ. ಅವತ್ತು ಇನ್ನೊಬ್ಬರ ಬಾಗಿಲು ತಟ್ಟುವುದು ಮರ್ಯಾದೆಗೆಟ್ಟ ಕೆಲಸ. ಮಾರನೆಯ ದಿನ, ಸಂತ ತಾಪಾನಿಯ ದಿನ, ಅದಕ್ಕೆಲ್ಲ ಬಡ್ಡಿ ಸಮೇತ ತಿರುಗಾಟ. ಪಕ್ಕದ ಮನೆಯವರ ಕುದುರೆಗೆ ಗೆಜ್ಜೆ ಕಟ್ಟಿ, ಹಿಮದ ಬಂಡಿಯಲ್ಲಿ ತುಪ್ಪಳ ಹೊದ್ದು, ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಸುತ್ತು ಹೊಡೆದು, ನೆಂಟರ ಮನೆಗಳಿಗೆ ಹೋಗುವುದು. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ಅದೇ ನಕ್ಷತ್ರದಾಕಾರದ ಜಾಮಿನ ತಿಂಡಿ, ಎಷ್ಟು ಬೇಡವೆಂದರೂ ಇನ್ನೊಂದು ಲೋಟ. ಒಂದು ವರ್ಷ ಹೆಲ್ಕಾ ಈವರಿಯ ತಂಗಿಯ ಮನೆಯಲ್ಲಿ ಲೋಟ ಕೈಯಲ್ಲಿ ಹಿಡಿದಂತೆಯೇ ನಿದ್ದೆ ಹೋದಳು. ಒಂದು ಹನಿಯೂ ಚೆಲ್ಲಲಿಲ್ಲ. ಎಬ್ಬಿಸಬೇಡಿ, ನಮ್ಮ ಸೊಸೆ ನಿದ್ದೆಯಲ್ಲೂ ತೂಕ ತಪ್ಪಲ್ಲ, ಅಂಗಡಿಯವಳಲ್ವಾ ಎಂದು ಈವರಿ ಹೇಳಿದ್ದು ಊರಿನಲ್ಲಿ ಬಹಳ ದಿನ ಓಡಾಡಿತು.

ಹೆಲ್ಕಾಳ ಹುಟ್ಟೂರು ಉತ್ತರಕ್ಕೆ, ಎರಡು ಬಸ್ಸಿನ ದಾರಿ. ಅಲ್ಲಿ ಅವಳ ಅಪ್ಪ ಅಮ್ಮ ಒಂದೇ ಗೋರಿಯಲ್ಲಿದ್ದರು. ಅವಳು ಚಿಕ್ಕವಳಿದ್ದಾಗ ಅಪ್ಪ ಅರ್ವಿ ಪ್ರತಿ ಹಬ್ಬಕ್ಕೂ ಅವಳನ್ನು ಹಿಮಗಾಡಿಯಲ್ಲಿ ಕೂರಿಸಿಕೊಂಡು ಅಮ್ಮನ ಗೋರಿಗೆ ಕರೆದೊಯ್ಯುತ್ತಿದ್ದ. ಗಾಳಿಗೆ ಆರದಿರಲೆಂದು ಬತ್ತಿಯನ್ನು ಕಾಫಿ ಡಬ್ಬಿಯೊಳಗೆ ಇಟ್ಟು, ಡಬ್ಬಿಗೆ ಮೊಳೆಯಲ್ಲಿ ತೂತು ಹೊಡೆದು ತರುತ್ತಿದ್ದ. ಅಪ್ಪ ಹೋದ ಮೇಲೆ ನೆರೆಮನೆಯ ಮುದುಕಿ ಲೆಂಪಿ ಹೆಲ್ಕಾಳ ಪರವಾಗಿ ಅಲ್ಲಿ ದೀಪ ಇಡುತ್ತಿದ್ದಳು. ಬೇಸಿಗೆಯ ರಜೆಯಲ್ಲಿ ಹೆಲ್ಕಾ ಹೋಗಿ ಕಳೆ ಕಿತ್ತು ಹೂವಿನ ಗಿಡ ನೆಟ್ಟು ಬರುತ್ತಿದ್ದಳು. ಒಂದು ಬೇಸಿಗೆ ಹೋದಾಗ ಲೆಂಪಿಯೂ ಅದೇ ಸ್ಮಶಾನ ಸೇರಿದ್ದಳು. ಲೆಂಪಿಯ ಸೊಸೆ ಇರುವುದನ್ನು ಇದ್ದಂತೆ ಹೇಳುವ ಹೆಂಗಸು.

"ಹೋದ ಹಬ್ಬಕ್ಕೆ ಎಲ್ಲ ಗೋರಿಗೂ ಬೆಳಕಿತ್ತು ಕಣೇ. ನಿಮ್ಮಪ್ಪಂದು ಒಂದೇ ಕಪ್ಪಗೆ. ಹಲ್ಲು ಬಿದ್ದ ಬಾಯಿ ಥರ ಕಾಣ್ತಿತ್ತು. ನಮ್ಮ ಅತ್ತೆ ಸತ್ತ ಗಡಿಬಿಡೀಲಿ ನಂಗೂ ನೆನಪಾಗ್ಲಿಲ್ಲ."

ಈ ಮಾತು ಹೆಲ್ಕಾಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಲೆಂಪಿಯ ಸೊಸೆಯನ್ನು ದೀಪ ಇಡು ಎಂದು ಕೇಳಬಹುದಿತ್ತು. ಆದರೆ ಮಗಳು ಬದುಕಿರುವಾಗ ಮೂರನೆಯವರ ಮನೆಯ ಸೊಸೆ ಎಷ್ಟು ವರ್ಷ ಇಟ್ಟಾಳು? ಒಂದೇ ಒಂದು ಸಲ, ಎಲ್ಲರ ದೀಪ ಉರಿಯುವ ಸಂಜೆ, ತನ್ನ ಕೈಯಿಂದಲೇ ಅಲ್ಲೊಂದು ದೀಪ ಹಚ್ಚಬೇಕು. ಅಷ್ಟೇ ಅವಳಿಗೆ ಬೇಕಾದದ್ದು. ಅದು ಕೇಳಲು ಸಣ್ಣದು, ನಡೆಸಲು ದೊಡ್ಡದು. ಹಬ್ಬದ ಹಿಂದಿನ ದಿನ ಮಧ್ಯಾಹ್ನದ ನಂತರ ಬಸ್ಸಿಲ್ಲ. ಕ್ರಿಸ್‌ಮಸ್ ದಿನವಂತೂ ದೇಶದಲ್ಲೇ ಚಕ್ರ ಉರುಳುವುದಿಲ್ಲ ಎನ್ನಬೇಕು. ಆ ಸಂಜೆ ಅಲ್ಲಿರಬೇಕೆಂದರೆ ಎರಡು ದಿನ ಮುಂಚೆಯೇ ಅಂಗಡಿ ಬಿಡಬೇಕು, ಮನೆ ಬಿಡಬೇಕು, ಇಡೀ ಹಬ್ಬ ಬಿಟ್ಟು ತಾಪಾನಿಯ ದಿನವೇ ವಾಪಸು ಬರಬೇಕು. ಮನೆಗೆ ಕಾರು ಬಂದದ್ದೂ ತಡವಾಗಿ. ಬಂದ ಮೇಲೂ ಹಾಲಿನ ಲಾರಿ ಔಲಿಸ್‌ನನ್ನು ಬಿಡಲಿಲ್ಲ.

ಆ ವರ್ಷ ಅವಳು ಊಟದ ಮೇಜಿನಲ್ಲಿ ಮಾತು ತೆಗೆದಳು. ಔಲಿಸ್ ಗಡ್ಡ ಕೆರೆದುಕೊಂಡು, "ಹೋಗ್ಬಹುದು. ಹೋಗದೇನೂ ಇರಬಹುದು" ಎಂದ. ಈ ಊರಿರುವ ಸಾವೊ ಸೀಮೆಯವನು ಮಾತಾಡಿದರೆ ಅರ್ಥದ ಹೊಣೆ ಕೇಳಿದವರದು ಎಂದು ಸುಮ್ಮನೆ ಹೇಳುವುದಿಲ್ಲ. ನೀನು ಹೋದರೆ ಉಪ್ಪು ಯಾರು ನೋಡ್ತಾರೆ, ಮತ್ತೆ ಸಮುದ್ರದ ಹಂದಿ ತಿನ್ನಬೇಕಾ ಎಂದು ಈವರಿ ನಕ್ಕರು. ಮೌರಾ ತಟ್ಟೆಯಿಂದ ತಲೆ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಗಂಡಸರ ಮಾತನ್ನು ಹೆಲ್ಕಾ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳನ್ನು ಕಟ್ಟಿಹಾಕಿದ್ದು ಆ ಮೌನ. ಅತ್ತೆಗೆ ಇಷ್ಟವಿಲ್ಲ ಎಂದುಕೊಂಡಳು. ಮುಂದಿನ ವರ್ಷ ಮಾತು ತೆಗೆಯಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಕಲ್ಲಿನ ಬುಡದಲ್ಲಿ ಅತ್ತೆಯ ಪಕ್ಕ ನಿಂತು ಬತ್ತಿ ಹಚ್ಚುವಾಗ ಮಾತ್ರ, ಇದು ಅಪ್ಪನಿಗೆ ತಲುಪುವುದಿಲ್ಲ ಎಂದು ಅನ್ನಿಸುತ್ತಿತ್ತು. ಅಪ್ಪ ಇರುವುದು ಅಲ್ಲಿ, ಕತ್ತಲಲ್ಲಿ.

ಈವರಿ ತೀರಿಕೊಂಡರು. ಬಾದಾಮಿ ಅಡಗಿಸಿಡುವವರು ಇಲ್ಲದೆ ಗಂಜಿ ಬೇಗ ಮುಗಿಯತೊಡಗಿತು. ತೊಂಬತ್ತೊಂದರ ಬೇಸಿಗೆಗೆ, ಅಷ್ಟು ವರ್ಷ ಮುಚ್ಚಿದ್ದ ಗಡಿಯಾಚೆಗೆ ಹೋಗಿಬರುವ ಬಸ್ಸುಗಳು ಹೊರಟವು. ಮೌರಾ ಹೆಸರು ಕೊಟ್ಟರು. ಸಾಲ್ಮಿಗೆ ಹೊರಡುವಾಗ ಅವರ ಚೀಲದಲ್ಲಿ ಎರಡು ಮೇಣದಬತ್ತಿ ಇದ್ದವು, ಅವರ ಇಗರ್ಜಿಯ ಜೇನುಮೇಣದ ಬತ್ತಿಗಳು. ರಾತ್ರಿಯೇ ಆಗದ ಜೂನ್ ತಿಂಗಳಲ್ಲಿ ದೀಪ ಯಾಕಮ್ಮ ಎಂದು ಔಲಿಸ್ ಕೇಳಿದ. ಸತ್ತವರಿಗೆ ಜೂನ್ ಗೊತ್ತಾಗತ್ತಾ ಎಂದರು.

ಮೂರು ದಿನಕ್ಕೆ ಹಿಂತಿರುಗಿ ಬಂದು ಬೂಟು ಬಿಚ್ಚಿ ಅಡುಗೆಮನೆಯ ಬೆಂಚಿನ ಮೇಲೆ ಕೂತರು. ಅವತ್ತು ಮೊದಲ ಸಲ ಹೆಲ್ಕಾ ಅತ್ತೆ ದಣಿದದ್ದನ್ನು ಕಂಡಳು. ಬೆನ್ನು ಗೋಡೆಗೆ ಒರಗಿತ್ತು. ಗೋರಿಗಳಿದ್ದ ದಿಣ್ಣೆಯ ಮೇಲೆ ಈಗ ಮರದ ದಿಮ್ಮಿಗಳ ರಾಶಿಯಿದೆ, ಲಾರಿ ತಿರುಗುವ ಜಾಗವಿದೆ ಎಂದು ಎರಡೇ ಮಾತಿನಲ್ಲಿ ಹೇಳಿದರು. ಹಳೆಯ ಫರ್ ಮರಗಳೂ ಇಲ್ಲವಂತೆ. ಇಲ್ಲೇ ಎಂದು ಬೊಟ್ಟು ಮಾಡಿ ತೋರಿಸಲು ಏನೂ ಇರಲಿಲ್ಲವಂತೆ. ಬತ್ತಿಗಳನ್ನು ಹಚ್ಚದೆ ವಾಪಸು ತಂದಿದ್ದರು. ಅವನ್ನು ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟರು. ಆ ಮಾತು ಅಲ್ಲಿಗೆ ಮುಗಿಯಿತು.

ಅದೇ ವರ್ಷ ದೇಶದ ವ್ಯಾಪಾರವೆಲ್ಲ ನೆಲಕಚ್ಚಿತು. ಶರತ್ಕಾಲದಲ್ಲಿ ಊರಿನ ಸಹಕಾರಿ ಅಂಗಡಿಯ ಬಾಗಿಲಿಗೆ ಹಲಗೆ ಬಡಿದರು. ಹೆಲ್ಕಾ ಮನೆಯಲ್ಲಿ ಕೂತಳು. ಕೆಲಸ ಹೋದರೆ ದಣಿವೂ ಹೋಗಬೇಕಿತ್ತು, ಹೋಗಲಿಲ್ಲ. ಇಷ್ಟು ವರ್ಷ ನಿಂತ ಕಾಲು ಈಗ ಕೂತಾಗಲೇ ಹೆಚ್ಚು ನೋಯುತ್ತಿತ್ತು. ಬೆಳಿಗ್ಗೆ ಎದ್ದರೆ ಸಂಜೆಯವರೆಗಿನ ದಾರಿ ಉದ್ದವಾಗಿ ಕಾಣುತ್ತಿತ್ತು. ಡಿಸೆಂಬರ್ ಬಂತು, ಹಾಸು ಬಡಿದಳು, ಬಿಸ್ಕತ್ತು ಸುಟ್ಟಳು. ಊರಿಗೆ ಹೋಗಬಹುದು ಎಂಬುದು ಅವಳ ತಲೆಗೇ ಬರಲಿಲ್ಲ. ಬಹಳ ದಿನ ಕಟ್ಟಿಹಾಕಿದ ಹಸು ಹಗ್ಗ ಬಿಚ್ಚಿದರೂ ಗೂಟದ ಬಳಿಯೇ ನಿಲ್ಲುತ್ತದಲ್ಲ, ಹಾಗೆ.

ಹಬ್ಬಕ್ಕೆ ಮೂರು ದಿನವಿದ್ದಾಗ ಮೌರಾ ತೊಟ್ಟಿಯ ತೊಡೆಯಿಂದ ಒಂದು ತುಂಡು ಕೊಯ್ದು ಬಾಣಲೆಗೆ ಹಾಕಿದರು. ಹೆಲ್ಕಾ ಮೇಜಿನ ಬಳಿ ಗಡ್ಡೆ ಹೆರೆಯುತ್ತಿದ್ದಳು. ವಾಡಿಕೆಯಂತೆ ಚಾಕುವಿನ ತುದಿ ಬಾಯಿಯ ಮುಂದೆ ಬಂತು. ತಿಂದಳು.

"ಇನ್ನೂ ನೆನೀಬೇಕು ಅತ್ತೆ. ನೀರು ಬದಲಾಯಿಸಿ ಒಂದು ದಿನ ಬಿಡಿ. ನಾಳೆ ಸಂಜೆ ಇನ್ನೊಂದು ಸಲ ನೋಡ್ತೀನಿ."

"ನಾಳೆ ಸಂಜೆ ನೀನಿರಲ್ಲ" ಎಂದರು ಮೌರಾ.

ಹೆಲ್ಕಾಳಿಗೆ ಅರ್ಥವಾಗಲಿಲ್ಲ. ಮೌರಾ ಕಪಾಟು ತೆರೆದು ಸಕ್ಕರೆ ಡಬ್ಬಿಯ ಹಿಂದಿನಿಂದ ಆ ಎರಡು ಬತ್ತಿ ತೆಗೆದು, ಗಡ್ಡೆ ಸಿಪ್ಪೆಯ ಪಕ್ಕದಲ್ಲಿ ಇಟ್ಟರು.

"ಬೆಳಗಿನ ಬಸ್ಸಿಗೆ ಹೋಗು. ಇವನ್ನು ನಿಮ್ಮಪ್ಪಂಗೆ ಹಚ್ಚು."

"ಇದೇನು ಅತ್ತೆ ಈಗ?"

"ಆ ಕಲ್ಲು ಹೋಗೋಕೆ ಜಾಗ ಇಲ್ಲದೋರಿಗೆ ಇರೋದು. ನಂಗೆ ಅದು ಸರಿ, ನೋಡ್ಕೊಂಡು ಬಂದೆ, ಅಲ್ಲೇನಿಲ್ಲ. ನಿಮ್ಮಪ್ಪ ಇರೋದು ಗಡಿಯಾಚೆ ಅಲ್ಲ, ಎರಡು ಬಸ್ಸಿನಾಚೆ. ಅಂಗಡೀನೂ ಮುಚ್ಚಾಯ್ತು. ಇನ್ನು ಯಾವ ನೆಪಕ್ಕೆ ನನ್ನ ಪಕ್ಕ ಬಂದು ನಿಲ್ತೀಯಾ?"

ಹೆಲ್ಕಾ ಚಾಕು ಕೆಳಗಿಟ್ಟಳು. ಸಂತೋಷ ಆಗಬೇಕಿತ್ತು, ಬಂದದ್ದು ಸಿಟ್ಟು. ಅದೂ ದಣಿದ ಸಿಟ್ಟು, ಧ್ವನಿ ಏರಲಿಲ್ಲ.

"ಅವತ್ತು ಇದೇ ಮೇಜಿನಲ್ಲಿ ಕೇಳಿದಾಗ ಯಾಕೆ ಸುಮ್ಮನಿದ್ದಿರಿ? ಆವಾಗ ಒಂದು ಮಾತು ಹೇಳಿದ್ದಿದ್ರೆ ಆಗ್ತಿತ್ತು. ಇಷ್ಟು ವರ್ಷ ನಮ್ಮಪ್ಪ ಕತ್ತಲಲ್ಲಿ ಮಲಗಿದ."

"ನೀನು ಅವರನ್ನ ಕೇಳಿದೆ. ನನ್ನ ಕೇಳಲಿಲ್ಲ."

"ಕೇಳಿದ್ರೆ ಹೋಗು ಅಂತಿದ್ರಾ?"

ಮೌರಾ ತೊಟ್ಟಿಯ ನೀರನ್ನು ಚೊಂಬಿನಲ್ಲಿ ತೋಡಿ ತೋಡಿ ಹೊರಗಿನ ಬಕೆಟ್ಟಿಗೆ ಹಾಕಿದರು. ಹೊಸ ನೀರು ಸುರಿದರು. ಆಮೇಲೆ ಕೈ ಒರೆಸಿಕೊಂಡು ಹೇಳಿದರು.

"ಇಲ್ಲ. ಹೋಗಬೇಡ ಅಂತಿದ್ದೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ನೀನು ಬರೋಕೆ ಮುಂಚೆ ಆ ಕಲ್ಲಿನ ಹತ್ರ ನಾನೊಬ್ಬಳೇ ನಿಲ್ತಿದ್ದೆ ಮಗಳೇ. ಈವರಿ ಅವನ ಗೋರಿಗಳ ಹತ್ರ, ಮಗ ಅವನಪ್ಪನ ಜೊತೆ. ನೀನು ಬಂದ್ಮೇಲೆ ಇಬ್ಬರಾದ್ವಿ."

ಅತ್ತೆ ಅಷ್ಟು ಉದ್ದ ಮಾತಾಡಿದ್ದನ್ನು ಹೆಲ್ಕಾ ಅದುವರೆಗೆ ಕೇಳಿರಲಿಲ್ಲ. ಗಡ್ಡೆ ಹೆರೆಯುವುದನ್ನು ಮುಗಿಸಿ, ಸಿಪ್ಪೆ ಬಾಚಿ ಎತ್ತಿ, ಬತ್ತಿಗಳನ್ನು ಒಂದು ಕರವಸ್ತ್ರದಲ್ಲಿ ಸುತ್ತಿಕೊಂಡಳು.

ಮರುದಿನ ಔಲಿಸ್ ಹಾಲಿನ ಲಾರಿಯಲ್ಲೇ ಅವಳನ್ನು ಈಸಾಲ್ಮಿಗೆ ಬಿಟ್ಟ. ಕಯಾನಿಯಲ್ಲಿ ಬಸ್ಸು ಬದಲಾಯಿಸಿ, ಲೆಂಪಿಯ ಸೊಸೆಯ ಮನೆಗೆ ಹೋಗಿ ಇಳಿದುಕೊಂಡಳು. ಮಾರನೆಯ ಸಂಜೆ, ಆಕಾಶ ನೀಲಿಗಟ್ಟುವ ಹೊತ್ತಿಗೆ, ಸಾಲ ಪಡೆದ ಸಲಿಕೆ ಹೆಗಲಿಗೇರಿಸಿ ಸ್ಮಶಾನಕ್ಕೆ ನಡೆದಳು. ಅಪ್ಪನ ಕಲ್ಲು ತಲೆಯವರೆಗೆ ಹಿಮದಲ್ಲಿ ಹೂತಿತ್ತು. ತೋಡಿದಳು. ಕೈ ಸೋತಾಗ ನಿಂತಳು, ಮತ್ತೆ ತೋಡಿದಳು. ಹೆಸರು ಕಾಣಿಸಿದ ಮೇಲೆ ಚೀಲದಿಂದ ತೂತು ಹೊಡೆದ ಕಾಫಿ ಡಬ್ಬಿ ತೆಗೆದಳು. ಲೆಂಪಿಯ ಸೊಸೆಯ ಮನೆಯಲ್ಲಿ ಡಬ್ಬಿ ಮೊಳೆ ಸುತ್ತಿಗೆ ಕೇಳಿ ಪಡೆದು ಬೆಳಿಗ್ಗೆಯೇ ಮಾಡಿಟ್ಟುಕೊಂಡಿದ್ದಳು. ಒಂದು ಕಡ್ಡಿ ಆರಿತು, ಇನ್ನೊಂದೂ ಆರಿತು. ಕೊನೆಗೆ ಡಬ್ಬಿಯೊಳಗೆ ಎರಡೂ ಬತ್ತಿ ಹತ್ತಿಕೊಂಡವು. ಜೇನುಮೇಣದ ವಾಸನೆ ಬಂತು.

ಅವಳಿಗೆ ಅಳು ಬರಲಿಲ್ಲ. ಏನೋ ದೊಡ್ಡದೊಂದು ಇಳಿದುಹೋಗುತ್ತದೆ ಎಂದುಕೊಂಡಿದ್ದಳು, ಅದೂ ಆಗಲಿಲ್ಲ. ಸಲಿಕೆಯ ಹಿಡಿಗೆ ಗದ್ದ ಊರಿ ನಿಂತಳು.

"ತಡವಾಯ್ತಪ್ಪ. ಸುಸ್ತಾಗಿದೆ ನಂಗೆ" ಎಂದಳು.

ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಪಕ್ಕದ ಗೋರಿಗೆ ಬಂದ ಯಾರೋ ಮುದುಕ ಅವಳ ಕಡೆ ನೋಡಿ ತಲೆಬಾಗಿ ಹೋದ. ಸುತ್ತ ಎಲ್ಲ ಕಡೆ ಬೆಳಕು. ಅದರಲ್ಲಿ ಅವಳಪ್ಪನದೂ ಒಂದು. ಅಲ್ಲಿ ಕತ್ತಲಿನ ತೂತು ಈಗ ಕಾಣುತ್ತಿರಲಿಲ್ಲ.

ಕ್ರಿಸ್‌ಮಸ್ ದಿನ ಹೋಗಲು ಬಸ್ಸಿರಲಿಲ್ಲ, ಮಾಡಲು ಕೆಲಸವಿರಲಿಲ್ಲ. ಪರರ ಮನೆಯ ಮೂಲೆಯ ಕೋಣೆಯಲ್ಲಿ, ದಪ್ಪ ರಜಾಯಿಯಡಿಯಲ್ಲಿ ಹೆಲ್ಕಾ ಇಡೀ ದಿನ ಮಲಗಿದಳು. ಕಾಫಿಗೆ ಒಮ್ಮೆ ಎದ್ದಳು, ಮತ್ತೆ ಮಲಗಿದಳು. ಬದುಕಿದ್ದೀಯಾ ಎಂದು ಕೇಳಲು ಲೆಂಪಿಯ ಸೊಸೆ ಬಾಗಿಲು ತೆರೆದು ನೋಡಿ, ಗೊರಕೆ ಕೇಳಿ, ಹಾಗೇ ಮುಚ್ಚಿದಳಂತೆ.

ತಾಪಾನಿಯ ದಿನ ಮನೆಗೆ ಬಂದಾಗ ವಿರ್ಪಿ ಬಾಗಿಲಲ್ಲೇ ಎಲ್ಲ ವರದಿ ಒಪ್ಪಿಸಿದಳು. ಉಪ್ಪು ನೋಡಲು ಅಜ್ಜಿ ಅಪ್ಪನನ್ನು ಕರೆದರಂತೆ. ಅಪ್ಪ ತಿಂದು, ಪರವಾಗಿಲ್ಲ, ಇದಕ್ಕಿಂತ ಕಮ್ಮಿಯೂ ಇರಬಹುದು, ಜಾಸ್ತಿಯೂ ಇರಬಹುದು ಎಂದನಂತೆ. ಅವನು ಹೇಳಿದ ಮಾತನ್ನೇ ನಂಬಿ ಅಜ್ಜಿ ಬೇಯಿಸಿದರಂತೆ. ತೊಡೆ ಇನ್ನೂ ಮುಕ್ಕಾಲು ಉಳಿದಿತ್ತು. ಬಟಾಣಿ ಸಾರಿಗೆ ಸ್ವಲ್ಪ ಸ್ವಲ್ಪ ಹಾಕಿ ಜನವರಿಯವರೆಗೂ ತಿನ್ನಬೇಕಾಯಿತು. ಔಲಿಸ್ ತನಗೂ ಮೇಜಿಗೂ ಸಂಬಂಧವಿಲ್ಲವೆಂಬಂತೆ ಕಿಟಕಿಯಾಚೆಯ ಹಕ್ಕಿಗಳನ್ನು ನೋಡುತ್ತ ಕೂತಿದ್ದ.

ಮೌರಾ ಕೇಳಿದ್ದು ಒಂದೇ. "ಹತ್ತಿಕೊಂಡ್ವಾ?"

"ಎರಡೂ ಉರಿದ್ವು ಅತ್ತೆ. ನೀವು ಕಲ್ಲಿನ ಹತ್ರ ಹೋಗಿದ್ರಾ?"

"ಹೋಗಿದ್ದೆ. ಗಾಳಿ ಇತ್ತು. ವಿರ್ಪಿ ಬಂದಿದ್ಲು, ಅಂಗೈ ಅಡ್ಡ ಹಿಡಿದ್ಲು."

ಅಂದಿನಿಂದ ಪ್ರತಿ ವರ್ಷ ಹೆಲ್ಕಾ ಹಬ್ಬಕ್ಕೆ ಎರಡು ದಿನ ಮುಂಚೆ ಬೆಳಗಿನ ಬಸ್ಸು ಹತ್ತುತ್ತಾಳೆ, ತಾಪಾನಿಯ ದಿನ ಹಿಂತಿರುಗುತ್ತಾಳೆ. ಮೌರಾ ಅವರಿಗೆ ಈಗ ವಯಸ್ಸು ಎಂಬತ್ತರ ಹತ್ತಿರ ಬಂದಿದೆ, ಬೆನ್ನು ಇನ್ನಷ್ಟು ಎಡಕ್ಕೆ ವಾಲಿದೆ. ನಲವತ್ತು ದಿನದ ಉಪವಾಸವನ್ನು ಅವರು ಈಗಲೂ ಬಿಟ್ಟಿಲ್ಲ. ಆದರೆ ಸೊಸೆ ಹೊರಟ ಸಂಜೆ ಹಂದಿಯ ತೊಡೆಯಿಂದ ಹೆಬ್ಬೆರಳಿನಷ್ಟು ತುಂಡು ಕೊಯ್ದು, ಬಾಣಲೆಯಲ್ಲಿ ಹುರಿದು, ಮೂಲೆಯ ದೇವರ ಪಟದ ಕಡೆ ಒಮ್ಮೆ ನೋಡಿ, ಉಪ್ಪನ್ನು ತಾವೇ ನೋಡುತ್ತಾರೆ.